ಹಿಮವಿಲ್ಲದ ಸೀಮೆಯ ಬಿಳಿ ಹೊದಿಕೆ

ಶೀತದೇಶಗಳಲ್ಲಿ ಚಳಿಗಾಲದ ಮೊದಲ ಹಿಮ ಬಿದ್ದ ಮರುದಿನ, ಕ್ಯಾಮೆರಾ ಉಳ್ಳವರು ಬಹುದೂರ ಹೋಗುವುದಿಲ್ಲ. ಮನೆಯ ಅಂಗಳ, ನೆರೆಯವರ ಬೇಲಿ, ದಿನವೂ ನಡೆದಾಡುವ ಬೀದಿ, ಇಷ್ಟರಲ್ಲಿಯೇ ಅವರಿಗೆ ಬೇಕಾದುದೆಲ್ಲ ದೊರೆಯುತ್ತದೆ. ಗಾಳಿಯು ಹಿಮದ ಮೇಲೆ ಎಬ್ಬಿಸಿದ ಅಲೆಗಳು, ಹಕ್ಕಿಯ ಹೆಜ್ಜೆಯ ಸಾಲು, ಬೇಲಿಯ ಗೂಟದ ತಲೆಯ ಮೇಲೆ ಕುಳಿತ ಬಿಳಿಯ ಟೊಪ್ಪಿಗೆ: ನಿನ್ನೆಯವರೆಗೆ ಯಾರ ಗಮನಕ್ಕೂ ಬಾರದಿದ್ದ ವಸ್ತುಗಳು ಇಂದು ಚಿತ್ರಗಳಾಗಿಬಿಡುತ್ತವೆ. ಇದಕ್ಕೆ ಕಾರಣವೇನು? ಹಿಮವು ನೆಲದ ಬಣ್ಣಗಳನ್ನೆಲ್ಲ ಮುಚ್ಚಿಬಿಟ್ಟಿದೆ. ಉಳಿದಿರುವುದು ಆಕಾರ, ಬೆಳಕು ಮತ್ತು ನೆರಳು ಮಾತ್ರ.

ಈ ಹವ್ಯಾಸವನ್ನು ವಿಜ್ಞಾನದ ಮಟ್ಟಕ್ಕೆ ಏರಿಸಿದವನು ಒಬ್ಬ ರೈತನೆಂಬುದು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ. ಅಮೆರಿಕದ ವರ್ಮಾಂಟ್ ಪ್ರಾಂತದ ಜೆರಿಕೊ ಎಂಬ ಊರಿನ ವಿಲ್ಸನ್ ಬೆಂಟ್ಲಿ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾವನ್ನು ಜೋಡಿಸಿ, 1885ನೆಯ ಜನವರಿ 15ರಂದು ಹಿಮದ ಹರಳೊಂದರ ತನ್ನ ಮೊದಲ ಛಾಯಾಚಿತ್ರವನ್ನು ತೆಗೆದನು. ಆಗ ಅವನಿಗೆ ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬೀಳುವ ಹಿಮವನ್ನು ಕಪ್ಪು ಹಲಗೆಯ ಮೇಲೆ ಹಿಡಿದು, ಚೆನ್ನಾಗಿರುವ ಹರಳನ್ನು ಸಣ್ಣ ಕಡ್ಡಿಯಿಂದ ಗಾಜಿನ ಮೇಲಕ್ಕೆ ಸಾಗಿಸಿ, ತನ್ನ ಉಸಿರು ತಾಕಿ ಅದು ಕರಗದಂತೆ ಎಚ್ಚರ ವಹಿಸಿ, ಚಳಿಯ ಕೊಟ್ಟಿಗೆಯಲ್ಲಿಯೇ ಚಿತ್ರ ತೆಗೆಯುತ್ತಿದ್ದನು. ಸುಮಾರು 46 ವರ್ಷ ಇದೇ ಕೆಲಸ. ಐದು ಸಾವಿರಕ್ಕೂ ಹೆಚ್ಚು ಚಿತ್ರಗಳು. 1931ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡನು. ಇವನು ಹಿಮಕ್ಕಷ್ಟೆ ಕಟ್ಟುಬಿದ್ದವನಲ್ಲ. ಬೇಸಗೆಯಲ್ಲಿ ಹುಲ್ಲಿನ ಮೇಲಿನ ಇಬ್ಬನಿಯನ್ನೂ ಜೇಡನ ಬಲೆಯ ಮೇಲಿನ ಹನಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಚಿತ್ರಿಸಿದ್ದಾನೆ.

ಇನ್ನು ನಮ್ಮ ಸೀಮೆಗೆ ಬರೋಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ಊರುಗಳೆಲ್ಲ ಸಮಭಾಜಕವೃತ್ತದಿಂದ ಉತ್ತರಕ್ಕೆ 15 ಡಿಗ್ರಿ ದಾಟಿದ ಆಸುಪಾಸಿನಲ್ಲಿವೆ. ಚಳಿಗಾಲದ ರಾತ್ರಿಯಲ್ಲಿಯೂ ಇಲ್ಲಿಯ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಸುಳಿಯುವುದಿಲ್ಲ. ಹಿಮ ಬೀಳುವ ಮಾತೇ ಇಲ್ಲ. ಆದರೆ ಒಂದೇ ಬಣ್ಣದ ಹಾಸು, ಅದರ ಮೇಲೆ ಓರೆಯಾಗಿ ಬೀಳುವ ಬಿಸಿಲು, ಇವೆರಡೇ ಹಿಮಚಿತ್ರದ ಬಂಡವಾಳವಾದರೆ, ಅವು ನಮ್ಮಲ್ಲಿಯೂ ಉಂಟು. ಕುಷ್ಟಗಿ, ಯಲಬುರ್ಗಾ ಕಡೆಯ ಹಿಂಗಾರಿ ಹೊಲಗಳಲ್ಲಿ ಇಬ್ಬನಿ ಉಂಟು. ಆ ಹೊಲಗಳ ಎರೆಮಣ್ಣಿನಲ್ಲಿ ಬಿರುಕಿನ ಬಲೆ ಉಂಟು. ಗಂಗಾವತಿಯ ನೀರಾವರಿ ಭೂಮಿಯಲ್ಲಂತೂ ದೂರದಿಂದ ನೋಡಿದರೆ ಹಿಮವೇ ಬಿದ್ದಿದೆಯೋ ಎಂಬಂತೆ ಕಾಣುವ ಬಿಳಿಯ ಹೊದಿಕೆಯೊಂದು ಉಂಟು. ಆ ಕೊನೆಯದು ಸಂತೋಷದ ದೃಶ್ಯವಲ್ಲ. ಅದರ ವಿಚಾರವನ್ನು ಮುಂದೆ ಹೇಳುತ್ತೇನೆ.

ಮೊದಲು ಬೆಳಕಿನ ಲೆಕ್ಕ. ನೆಲದ ಮೇಲೆ ಒಂದು ಸೆಂಟಿಮೀಟರ್ ಎತ್ತರದ ಏಣೊಂದು ಇದೆಯೆಂದು ಭಾವಿಸಿ. ಸೂರ್ಯನು ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ ಅದರ ನೆರಳು ಸುಮಾರು 5.7 ಸೆಂಟಿಮೀಟರ್ ಉದ್ದವಾಗಿರುತ್ತದೆ. 20 ಡಿಗ್ರಿಗೆ ಏರಿದಾಗ ಅದು 2.7 ಸೆಂಟಿಮೀಟರಿಗೆ ಇಳಿಯುತ್ತದೆ. ಡಿಸೆಂಬರ್ 22ರ ಸುಮಾರಿಗೆ ಕೊಪ್ಪಳದಲ್ಲಿ ನಡುಹಗಲಿನ ಸೂರ್ಯನು 51 ಡಿಗ್ರಿ ಎತ್ತರದಲ್ಲಿರುತ್ತಾನೆ; ಆಗ ನೆರಳು ಎಂಟು ಮಿಲಿಮೀಟರ್ ಮಾತ್ರ. ಮೇ ತಿಂಗಳ ಮೊದಲ ವಾರದಲ್ಲಿಯೂ ಆಗಸ್ಟಿನ ಎರಡನೆಯ ವಾರದಲ್ಲಿಯೂ ನಡುಹಗಲಿನ ಸೂರ್ಯನು ನಮ್ಮ ನೆತ್ತಿಯ ಮೇಲೆಯೇ ಬರುವುದರಿಂದ ನೆರಳೇ ಇಲ್ಲ. ಅಂಥ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಉಬ್ಬು ತಗ್ಗುಗಳೆಲ್ಲ ಚಪ್ಪಟೆಯಾಗಿ, ನೆಲವು ಹಳೆಯ ಗೋಣಿಚೀಲದಂತೆ ಕಾಣುತ್ತದೆ.

ಆದುದರಿಂದ ಚಿತ್ರ ತೆಗೆಯುವವನು ಗಡಿಯಾರವನ್ನು ನೋಡಬೇಕು. ಡಿಸೆಂಬರ್ ಕೊನೆಯಲ್ಲಿ ಕೊಪ್ಪಳದಲ್ಲಿ ಸೂರ್ಯೋದಯವು ಸುಮಾರು 6 ಗಂಟೆ 45 ನಿಮಿಷಕ್ಕೆ. ಅಲ್ಲಿಂದ ಮುಂದೆ ಸೂರ್ಯನು ಗಂಟೆಗೆ ಸುಮಾರು 13 ಡಿಗ್ರಿಯಂತೆ ಏರುತ್ತಾನೆ. ಏಳೂವರೆಯ ವೇಳೆಗೆ 10 ಡಿಗ್ರಿ. ಎಂಟೂ ಕಾಲು ದಾಟುವಷ್ಟರಲ್ಲಿ 20 ಡಿಗ್ರಿ. ಅಂದರೆ ಒಳ್ಳೆಯ ನೆರಳು ದೊರೆಯುವುದು ಒಂದೂವರೆ ಗಂಟೆಯ ಅವಧಿಯಲ್ಲಿ ಮಾತ್ರ. ಸಂಜೆಯಲ್ಲಿಯೂ ಅಷ್ಟೇ ಅವಧಿ ದೊರೆಯುವುದಾದರೂ ಆಗ ಇಬ್ಬನಿ ಇರುವುದಿಲ್ಲ.

ಈ ನೆರಳಿನಿಂದ ಇನ್ನೊಂದು ಉಪಯೋಗವೂ ಉಂಟು. ಚಿತ್ರದ ಚೌಕಟ್ಟಿನೊಳಗೆ ಬರುವಂತೆ, ಸಮತಟ್ಟಾದ ಜಾಗದಲ್ಲಿ 10 ಸೆಂಟಿಮೀಟರ್ ಉದ್ದದ ಕಡ್ಡಿಯೊಂದನ್ನು ನೆಟ್ಟಗೆ ನಿಲ್ಲಿಸಿ. ಅದರ ನೆರಳು 40 ಸೆಂಟಿಮೀಟರ್ ಇದ್ದರೆ, ಪಕ್ಕದ ಹೆಂಟೆಯ 12 ಸೆಂಟಿಮೀಟರ್ ನೆರಳಿಗೆ ಹೆಂಟೆಯ ಎತ್ತರ 3 ಸೆಂಟಿಮೀಟರ್ ಎಂದು ಕೂಡಲೇ ಹೇಳಬಹುದು. ತ್ರಿಕೋಣಮಿತಿಯ ಕೋಷ್ಟಕ ಬೇಕಿಲ್ಲ. ಸಮರೂಪ ತ್ರಿಭುಜಗಳ ಪ್ರಮೇಯ ತಿಳಿದಿದ್ದರೆ ಸಾಕು. ಚಂದ್ರನ ಬೆಟ್ಟಗಳ ಎತ್ತರವನ್ನು ಖಗೋಳಜ್ಞರು ಅಳೆದದ್ದೂ ನೆರಳನ್ನು ನೋಡಿಯೇ.

ಇಬ್ಬನಿಯ ವಿಷಯ. ಮೋಡವಿಲ್ಲದ, ಗಾಳಿ ನಿಂತ ರಾತ್ರಿಯಲ್ಲಿ ಎಲೆಗಳು ತಮ್ಮ ಶಾಖವನ್ನು ಆಕಾಶದತ್ತ ವಿಕಿರಣದ ರೂಪದಲ್ಲಿ ಕಳೆದುಕೊಂಡು, ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತವೆ. ಅವುಗಳಿಗೆ ತಾಕಿದ ಗಾಳಿಯು ಒಂದು ಮಿತಿಗಿಂತ ಕೆಳಗೆ ತಂಪಾದಾಗ, ಅದರಲ್ಲಿರುವ ನೀರಿನ ಆವಿ ಹನಿಯಾಗಿ ಎಲೆಯ ಮೇಲೆ ಕೂಡುತ್ತದೆ. ಇಷ್ಟು ಪಠ್ಯಪುಸ್ತಕದಲ್ಲಿಯೂ ಇದೆ. ಆದರೆ ಬೆಳಗಿನಲ್ಲಿ ಗಿಡದ ಮೇಲೆ ಕಾಣುವ ಹನಿಯೆಲ್ಲ ಇಬ್ಬನಿಯೇ ಎಂದು ನಂಬಿದವನು ಮೋಸಹೋಗುತ್ತಾನೆ. ಗಂಗಾವತಿ ಕಡೆಯ ಭತ್ತದ ಸಸಿಮಡಿಯಲ್ಲಿ ಬೆಳಗ್ಗೆ ಬಗ್ಗಿ ನೋಡಿ: ಪ್ರತಿಯೊಂದು ಎಲೆಯ ತುದಿಯಲ್ಲಿಯೂ ಒಂದೊಂದು ದಪ್ಪನೆಯ ಹನಿ, ಪೋಣಿಸಿದಂತೆ ಕ್ರಮವಾಗಿ ನಿಂತಿರುತ್ತದೆ. ಇದು ಗಾಳಿಯಿಂದ ಬಂದ ನೀರಲ್ಲ. ಬೇರು ರಾತ್ರಿಯೆಲ್ಲ ಹೀರಿದ ನೀರು, ಎಲೆಯ ತುದಿಯ ಸೂಕ್ಷ್ಮ ರಂಧ್ರಗಳಿಂದ ಹೊರಬಂದದ್ದು. ನಿಜವಾದ ಇಬ್ಬನಿಯಾದರೆ ಎಲೆಯ ಮೈಮೇಲೆಲ್ಲ ಸಣ್ಣ ಹನಿಗಳಾಗಿ ಹರಡಿರುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು ಸಾಧ್ಯ. ಹಿಡಿದರೆ ಸಸ್ಯಶಾಸ್ತ್ರದ ಅಧ್ಯಾಪಕರು ಮೆಚ್ಚುತ್ತಾರೆ.

ಕಡಲೆ ಹೊಲದ ಮಾತು ಬೇರೆಯೇ. ಕಡಲೆ ಗಿಡದ ಎಲೆ ಕಾಂಡಗಳ ಮೇಲೆಲ್ಲ ನವಿರಾದ ರೋಮಗಳಿವೆ. ಅವುಗಳ ತುದಿಯಿಂದ ಹುಳಿಯಾದ ರಸ ಜಿನುಗುತ್ತದೆ. ಅದರಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಿವೆ. ರಾತ್ರಿ ಗಿಡದ ಮೇಲೆ ತೆಳುಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯೊಡನೆ ಅದು ಹೀರಿದ ಹುಳಿಯನ್ನು ಹಿಂಡಿಕೊಳ್ಳುವ ಪದ್ಧತಿಯನ್ನು ಹಳ್ಳಿಗಳಲ್ಲಿ ಹಿರಿಯರು ಬಲ್ಲರು. ಹೊಲದಲ್ಲಿ ನಡೆದ ಮೇಲೆ ಮಸೂರವನ್ನು ಅಂಗಿಯ ತುದಿಯಿಂದ ಒರೆಸುವ ಅಭ್ಯಾಸವುಳ್ಳವರು ಇದನ್ನು ನೆನಪಿಡಬೇಕು. ಛಾಯಾಚಿತ್ರಕ್ಕೆ ಈ ಗಿಡದಷ್ಟು ಒಳ್ಳೆಯ ವಸ್ತು ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ. ರೋಮಗಳು ಹನಿಯನ್ನು ಎಲೆಯಿಂದ ಕೊಂಚ ಮೇಲೆ ಎತ್ತಿ ಹಿಡಿಯುವುದರಿಂದ ಅದು ಚಪ್ಪಟೆಯಾಗದೆ ಗುಂಡಾಗಿಯೇ ಇರುತ್ತದೆ; ಸೂರ್ಯನಿಗೆ ಎದುರಾಗಿ ನಿಂತು ತೆಗೆದರೆ ಒಂದೊಂದು ಹನಿಯೂ ಪುಟ್ಟ ಮಸೂರದಂತೆ ಹೊಲವನ್ನು ತಲೆಕೆಳಗಾಗಿ ತೋರಿಸುತ್ತದೆ.

ಸೂರ್ಯನಿಗೆ ಬೆನ್ನು ಮಾಡಿ ನಿಂತರೆ ಮತ್ತೊಂದು ವಿನೋದ. ಇಬ್ಬನಿ ಕವಿದ ಹುಲ್ಲಿನ ಮೇಲೆ ಬಿದ್ದ ನಿಮ್ಮ ನೆರಳಿನ ತಲೆಯ ಸುತ್ತ ಮಾತ್ರ ಬೆಳ್ಳಗೆ ಹೊಳೆಯುವ ಪ್ರಭೆ ಕಾಣುತ್ತದೆ. ಪಕ್ಕದಲ್ಲಿ ನಿಂತ ಗೆಳೆಯನ ನೆರಳಿಗೆ ಅದು ಇಲ್ಲ. ಆದರೆ ಅವನು ತನ್ನ ತಲೆಗೇ ಇದೆ, ನಿಮ್ಮದಕ್ಕೆ ಇಲ್ಲ ಎನ್ನುತ್ತಾನೆ! ಇಬ್ಬರ ಮಾತೂ ನಿಜ. ಹನಿಯು ಬಿಸಿಲನ್ನು ಎಲೆಯ ಮೇಲೆ ಒಂದು ಬಿಂದುವಿನಲ್ಲಿ ಕೂಡಿಸುತ್ತದೆ. ಆ ಬಿಂದುವಿನ ಬೆಳಕು ಅದೇ ಹನಿಯ ಮೂಲಕ ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಸೂರ್ಯನ ದಿಕ್ಕಿನಲ್ಲಿರುವ ಕಣ್ಣಿಗಷ್ಟೇ ಅದು ಕಾಣಬೇಕಷ್ಟೆ. ಛಾಯಾಚಿತ್ರದಲ್ಲಿ ಪ್ರಭೆಯು ತಲೆಯ ಸುತ್ತ ಬಾರದೆ ಕ್ಯಾಮೆರಾದ ನೆರಳಿನ ಸುತ್ತ ಬರುವುದನ್ನು ನೋಡಿದರೆ ಈ ವಿವರಣೆ ಸರಿಯೆಂದು ಮನವರಿಕೆಯಾಗುತ್ತದೆ.

ಇಬ್ಬನಿ ಆರಿದ ಮೇಲೆ ಕಣ್ಣು ನೆಲಕ್ಕೆ ಇಳಿಯುತ್ತದೆ. ಅಲ್ಲಿ ಎರೆಮಣ್ಣು. ಈ ಮಣ್ಣನ್ನು ಚಿತ್ರಿಸಹೊರಟವನಿಗೆ ಮೊದಲ ಪಾಠ ಕಲಿಸುವುದು ಹಿಮವೇ ಎಂದರೆ ಆಶ್ಚರ್ಯವಾಗಬಹುದು. ಹಿಮವನ್ನು ಮೊದಲ ಸಲ ಚಿತ್ರಿಸಿದವರ ದೂರು ಯಾವಾಗಲೂ ಒಂದೇ: ಬಿಳಿಯ ಹಿಮವು ಚಿತ್ರದಲ್ಲಿ ಬೂದಿಯಂತೆ ಬಂದಿದೆ. ತಪ್ಪು ಕ್ಯಾಮೆರಾದ ಬೆಳಕಿನ ಮಾಪಕದ್ದು. ಎದುರಿಗಿರುವ ದೃಶ್ಯವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 18ರಷ್ಟನ್ನು ಹಿಂದಿರುಗಿಸುವ ನಡುಬೂದು ಬಣ್ಣದ್ದೆಂಬ ಊಹೆಯ ಮೇಲೆ ಅದು ಲೆಕ್ಕ ಹಾಕುತ್ತದೆ. ಹೊಸ ಹಿಮವೋ ಶೇಕಡ 80ಕ್ಕೂ ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ. ಮಾಪಕವು ಬೆಳಕು ಅತಿಯಾಯಿತೆಂದು ಭ್ರಮಿಸಿ ಅದನ್ನು ತಗ್ಗಿಸಿಬಿಡುತ್ತದೆ. ನಮ್ಮ ಎರೆಮಣ್ಣಿನ ಮುಂದೆ ಇದೇ ಭ್ರಮೆ ತಲೆಕೆಳಗಾಗುತ್ತದೆ: ಕಪ್ಪು ಮಣ್ಣನ್ನು ಕಂಡ ಮಾಪಕವು ಬೆಳಕು ಸಾಲದೆಂದು ಹೆಚ್ಚಿಸಿ, ಮಣ್ಣನ್ನು ಬೂದಿಯ ಬಣ್ಣಕ್ಕೆ ತರುತ್ತದೆ. ಹೀಗೆ ವರ್ಮಾಂಟಿನ ಹಿಮವೂ ಯಲಬುರ್ಗಾದ ಎರೆಯೂ ತಿದ್ದದ ಚಿತ್ರದಲ್ಲಿ ಒಂದೇ ಬಣ್ಣದವಾಗಿಬಿಡುತ್ತವೆ!

ತಿದ್ದುವುದು ಕಷ್ಟವಲ್ಲ. ಬಿಳಿಯ ಹಾಸಿಗೆ ಮಾಪಕವು ಹೇಳಿದುದಕ್ಕಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು ಬೆಳಕನ್ನೂ, ಕಪ್ಪು ಹಾಸಿಗೆ ಸುಮಾರು ಅರ್ಧದಷ್ಟನ್ನೂ ಕೊಡಬೇಕು. ಈಗ ಬಹುಮಂದಿಯ ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿ ಪರದೆಯನ್ನು ಮುಟ್ಟಿ, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಗುರುತನ್ನು ಮೇಲಕ್ಕೋ ಕೆಳಕ್ಕೋ ಎಳೆದರೆ ಈ ಕೆಲಸವಾಗುತ್ತದೆ. ಅರಳಿದ ಹತ್ತಿಯ ಹೊಲಕ್ಕೆ ಹಿಮದ ನಿಯಮವೇ ಅನ್ವಯಿಸುತ್ತದೆ.

ಎರೆಮಣ್ಣಿನಲ್ಲಿ ಬಿರುಕೇಕೆ ಬಿಡುತ್ತದೆ? ಅದರ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿವೆ. ಮಳೆ ಬಂದಾಗ ಆ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ. ಹಿಂಗಾರಿ ಮಳೆ ನಿಂತು ನೀರು ಆರಿದಂತೆಲ್ಲ ಕುಗ್ಗುತ್ತದೆ. ಮೇಲ್ಮಣ್ಣು ಕುಗ್ಗಬೇಕೆಂದರೂ ಕೆಳಗಿನ ಹಸಿಮಣ್ಣು ಬಿಡುವುದಿಲ್ಲ. ಎಳೆತ ತಾಳಲಾರದೆ ಮಣ್ಣು ಸೀಳುತ್ತದೆ. ಒಂದು ಬಿರುಕು ಹುಟ್ಟಿದ ಮೇಲೆ ಅದರ ಅಂಚಿನ ಮಣ್ಣಿನಲ್ಲಿ ಬಿರುಕಿಗೆ ಅಡ್ಡವಾದ ದಿಕ್ಕಿನ ಎಳೆತ ಸಡಿಲಗೊಳ್ಳುತ್ತದೆ. ಬಿರುಕಿನ ಉದ್ದಕ್ಕೆ ಇರುವ ಎಳೆತ ಮಾತ್ರ ಉಳಿಯುತ್ತದೆ. ಆದುದರಿಂದ ಆಮೇಲೆ ಹುಟ್ಟಿದ ಬಿರುಕು ಹಳೆಯದನ್ನು ಸುಮಾರು ಲಂಬಕೋನದಲ್ಲಿಯೇ ಬಂದು ಮುಟ್ಟಿ, ಅಲ್ಲಿಯೇ ನಿಲ್ಲುತ್ತದೆ. ಚಿತ್ರದಲ್ಲಿ ಅಂಥ ಕೂಡುಸ್ಥಾನವನ್ನು ಕಂಡಾಗ, ನೇರವಾಗಿ ಸಾಗಿದ ಬಿರುಕು ಹಿರಿಯದು, ಬಂದು ನಿಂತದ್ದು ಕಿರಿಯದು ಎಂದು ತಿಳಿಯಬಹುದು. ಹೀಗೆ ಒಂದು ಚದರ ಮೀಟರ್ ನೆಲದ ಬಿರುಕುಗಳಿಗೆ ವಯಸ್ಸಿನ ಕ್ರಮದಲ್ಲಿ ಅಂಕಿ ಹಾಕಿ ನೋಡಿ. ಬಿಡಿಸಲು ಕುಳಿತರೆ ಏಳಲು ಮನಸ್ಸಾಗದ ಆಟವಿದು.

ಆದರೆ ಮಣ್ಣು ಹಲವು ಸಲ ನೆನೆದು ಆರಿ, ಬಿರುಕುಗಳು ಹಳೆಯ ಜಾಗದಲ್ಲಿಯೇ ಮತ್ತೆ ಮತ್ತೆ ತೆರೆದುಕೊಂಡರೆ, ಈ ಲಂಬಕೋನ ನಿಲ್ಲುವುದಿಲ್ಲ. ಕೂಡುಸ್ಥಾನವು ಮೆಲ್ಲಗೆ ಸರಿದು, ಮೂರು ಕವಲುಗಳ ನಡುವೆ 120 ಡಿಗ್ರಿಗೆ ಹತ್ತಿರದ ಕೋನಗಳಾಗುತ್ತವೆ. ಹೆಂಟೆಗಳು ಷಟ್ಕೋನದ ಆಕಾರ ತಾಳುತ್ತವೆ. ಪ್ರತಿವರ್ಷ ಉಳುವ ಹೊಲದಲ್ಲಿ ನೇಗಿಲು ಹಳೆಯ ಬಿರುಕನ್ನು ಅಳಿಸಿಬಿಡುತ್ತದೆ. ಬೀಳುಬಿಟ್ಟ ಎರೆಯಲ್ಲಿ ಅಳಿಸುವವರಿಲ್ಲ. ಎರಡೂ ಕಡೆ ನೇರ ಮೇಲಿನಿಂದ ಚಿತ್ರ ತೆಗೆದು, ಅಚ್ಚು ಹಾಕಿಸಿ, ಕೋನಮಾಪಕದಿಂದ ಐವತ್ತೈವತ್ತು ಕೂಡುಸ್ಥಾನಗಳನ್ನು ಅಳೆದು ಹೋಲಿಸಿ ನೋಡುವುದು ಕಾಲೇಜು ವಿದ್ಯಾರ್ಥಿಗಳಿಗೆ ಯೋಗ್ಯವಾದ ಕೆಲಸ. ಕ್ಯಾಮೆರಾ ಓರೆಯಾದರೆ ಕೋನಗಳೂ ಕೆಡುತ್ತವೆ. ಓರೆಯಾಗಿರಬೇಕಾದುದು ಬಿಸಿಲು ಮಾತ್ರ.

ರೈತನಿಗೆ ಈ ಬಿರುಕು ಚಿತ್ರವಲ್ಲ, ನಷ್ಟ. ಆಳದ ತೇವವೆಲ್ಲ ಅದರ ದಾರಿಯಿಂದ ಹಾರಿಹೋಗುತ್ತದೆ; ಬೆಳೆಯ ಬೇರು ಹರಿಯುತ್ತದೆ. ಅದಕ್ಕಾಗಿಯೇ ಬಿಳಿಜೋಳದ ಸಾಲುಗಳ ನಡುವೆ ಎಡೆಕುಂಟೆ ಹೊಡೆದು, ಮೇಲ್ಮಣ್ಣನ್ನು ಪುಡಿಮಾಡಿ, ಬಿರುಕಿನ ಬಾಯಿ ಮುಚ್ಚುತ್ತಾರೆ. ಎಡೆ ಹೊಡೆಯುವ ಮುನ್ನ ಒಂದು, ಹೊಡೆದ ಮೇಲೆ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.

ಇನ್ನು ಗಂಗಾವತಿಯ ಬಿಳಿಯ ಹೊದಿಕೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ, 1953ರಲ್ಲಿ ನೀರಾವರಿಗೆ ನೀರು ಹರಿಯಿತು. ಮುನಿರಾಬಾದಿನಿಂದ ಹೊರಟ ಎಡದಂಡೆಯ ಕಾಲುವೆಯು ಗಂಗಾವತಿ, ಸಿಂಧನೂರುಗಳ ಸೀಮೆಯನ್ನು ತೋಯಿಸಿ ರಾಯಚೂರಿನತ್ತ ಸಾಗುತ್ತದೆ. ಯೋಜನೆ ಹಾಕಿದವರ ಮನಸ್ಸಿನಲ್ಲಿದ್ದುದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳು. ಕಾಲುವೆಯ ಮೇಲ್ಭಾಗದಲ್ಲಿ ಬೆಳೆದದ್ದು ಭತ್ತ. ಇದರಿಂದ ಗಂಗಾವತಿ, ಕಾರಟಗಿಗಳು ಭತ್ತದ ಕಣಜಗಳಾದವು. ಅದೇ ವೇಳೆಗೆ ಕಾಲುವೆಯ ಕೊನೆಯ ಭಾಗದವರಿಗೆ ನೀರು ಸಾಲದಾಯಿತು. ನೆಲದೊಳಗೆ ನಡೆದ ಬದಲಾವಣೆ ಮಾತ್ರ ಕೆಲವು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಕಾಲುವೆಯ ಸಿಹಿನೀರಿನಲ್ಲಿಯೂ ಕೊಂಚ ಲವಣವಿರುತ್ತದೆ. ಲೀಟರಿಗೆ 0.2 ಗ್ರಾಂ ಎಂದೇ ಇಟ್ಟುಕೊಳ್ಳಿ. ನಾಲಗೆಗೆ ತಿಳಿಯುವಷ್ಟೂ ಅಲ್ಲ. ಒಂದು ಹೆಕ್ಟೇರಿಗೆ ಒಂದು ಮೀಟರ್ ಆಳದಷ್ಟು ನೀರು ಹಾಯಿಸಿದರೆ ಅದು ಒಂದು ಕೋಟಿ ಲೀಟರ್. ಅದರೊಡನೆ ಬಂದ ಲವಣ 2,000 ಕಿಲೋಗ್ರಾಂ! ಗಿಡವು ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಆವಿಮಾಡುತ್ತದೆ. ಲವಣದ ಬಹುಭಾಗ ನೆಲದಲ್ಲಿಯೇ ಉಳಿಯುತ್ತದೆ. ಮಣ್ಣಿನಲ್ಲಿ ಮೊದಲೇ ಇದ್ದ ಲವಣವೂ ಇದರೊಡನೆ ಸೇರುತ್ತದೆ. ನೀರು ಕೆಳಗಿಳಿದು ಹರಿದುಹೋಗಲು ದಾರಿಯಿದ್ದರೆ ಲವಣವೂ ಹೋಗುತ್ತಿತ್ತು. ಎರೆಯಲ್ಲಿ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಗದ್ದೆಗಳಿಂದ ಒಸರಿದ ನೀರು ತಗ್ಗಿನ ಹೊಲದಡಿಯಲ್ಲಿ ಕೂಡಿ, ಅಂತರ್ಜಲದ ಮಟ್ಟ ಏರುತ್ತದೆ. ಅದು ಒಂದೂವರೆ ಎರಡು ಮೀಟರಿನೊಳಗೆ ಬಂದಿತೆಂದರೆ, ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಮಣ್ಣಿನ ಸೂಕ್ಷ್ಮರಂಧ್ರಗಳು ನೀರನ್ನು ಮೇಲಕ್ಕೆಳೆಯುತ್ತವೆ. ನೀರು ಹಾರುತ್ತದೆ, ಲವಣ ನಿಲ್ಲುತ್ತದೆ. ಹೀಗೆ ಕೆಟ್ಟ ಭೂಮಿಯನ್ನು ಸವಳು ಎನ್ನುತ್ತಾರೆ. ನೀರು ನಿಂತು ಕೆಟ್ಟದ್ದು ಜವಳು. ಎರಡೂ ಸಾಮಾನ್ಯವಾಗಿ ಒಟ್ಟಿಗೇ ಬರುವುದರಿಂದ ಸವಳು-ಜವಳು ಎಂದು ಜೋಡಿಯಾಗಿ ಹೇಳುವುದು ರೂಢಿ.

ಮುಂಗಾರಿ ಭತ್ತದ ಕೊಯ್ಲು ಮುಗಿದು ಗದ್ದೆ ಆರಿದ ಮೇಲೆ, ಚಳಿಗಾಲದಲ್ಲಿ ಈ ಲವಣ ನೆಲದ ಮೇಲೆ ಅರಳುತ್ತದೆ. ಇಲ್ಲಿ ಛಾಯಾಚಿತ್ರಗಾರನು ಗಮನಿಸಬೇಕಾದ ವಿಶೇಷವೊಂದುಂಟು. ಗಾಳಿಗೆ ತೂರಿದ ಹಿಮವು ತಗ್ಗಿನಲ್ಲಿ ತುಂಬುತ್ತದೆ; ಸವಳಿನ ಲವಣವು ಉಬ್ಬಿನಲ್ಲಿ ಕೂಡುತ್ತದೆ. ಹೆಂಟೆಯ ನೆತ್ತಿ, ಬದುವಿನ ಏಣು, ಸಾಲಿನ ದಿಂಡು, ಎತ್ತಿನ ಗೊರಸಿನ ಗುರುತಿನ ಅಂಚು, ಇವೆಲ್ಲ ಬೆಳ್ಳಗಾಗಿದ್ದರೆ, ಗೊರಸಿನ ಗುಳಿಯ ತಳ ಕಪ್ಪಾಗಿಯೇ ಇರುತ್ತದೆ. ಗಾಳಿ ಬಿಸಿಲುಗಳಿಗೆ ಹೆಚ್ಚು ತೆರೆದುಕೊಂಡ ಜಾಗದಲ್ಲಿ ನೀರು ಬೇಗ ಹಾರುತ್ತದೆ. ಆರಿದಷ್ಟೂ ಕೆಳಗಿನ ಲವಣಜಲ ಅತ್ತಲೇ ಏರುತ್ತದೆ. ಆದುದರಿಂದಲೇ ಈ ವಿನ್ಯಾಸ. ನಾನು ಮೊದಲು ಕಂಡ ಗೊರಸಿನ ಗುರುತುಗಳ ಸಾಲು ಬೆಳ್ಳಿಯ ತಂತಿಯಲ್ಲಿ ಬಿಡಿಸಿದಂತೆ ಇತ್ತು. ಸಂಭ್ರಮದಿಂದ ಚಿತ್ರ ತೆಗೆಯುತ್ತಿದ್ದಾಗ ಬದುವಿನ ಮೇಲೆ ನಿಂತಿದ್ದ ಹೊಲದೊಡೆಯರು ಹೇಳಿದರು: “ಫೋಟೋದಾಗ ಚಂದ ಕಾಣ್ತೈತ್ರಿ. ಆದ್ರ ಹೊಲದಾಗ ಬೀಜಾನ ನಾಟಂಗಿಲ್ಲ.” ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಲವಣ ಹೆಚ್ಚಾದ ಮಣ್ಣಿನಲ್ಲಿ ನೀರು ಇದ್ದರೂ ಬೀಜ ಅದನ್ನು ಹೀರಲಾರದು. ಹಸಿಯ ನೆಲದಲ್ಲಿಯೇ ಅದಕ್ಕೆ ಬಾಯಾರಿಕೆ.

ಅಂದಿನಿಂದ ಈ ಚಿತ್ರಗಳನ್ನು ನಾನು ಬೇರೆ ಬಗೆಯಲ್ಲಿ ತೆಗೆಯುತ್ತೇನೆ. ಚೆಂದಕ್ಕೆ ಬೇಕಾದ ಚಿತ್ರ ಒಂದು ಸಾಕು. ಸವಳು ಹರಡುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಬೇಕಾದರೆ ಒಂದೇ ಜಾಗದ ಚಿತ್ರ ವರ್ಷವರ್ಷವೂ ಬೇಕು. ಬದುವಿನ ಕಲ್ಲು, ಕಾಲುವೆಯ ಸೇತುವೆಯ ಮೂಲೆ, ಇಂಥ ಕದಲದ ಗುರುತೊಂದನ್ನು ಆರಿಸಿಕೊಂಡು, ಅಲ್ಲಿಯೇ ನಿಂತು, ಕ್ಯಾಮೆರಾವನ್ನು ಎದೆಯ ಮಟ್ಟದಲ್ಲಿ ಹಿಡಿದು, ಅದೇ ದಿಕ್ಕಿಗೆ ತೆಗೆಯಬೇಕು. ಫೋನು ತಾನಾಗಿಯೇ ಬಣ್ಣ ಏರಿಸಿ ಅಂದಗೊಳಿಸುವ ಏರ್ಪಾಡನ್ನು ನಿಲ್ಲಿಸಬೇಕು. ಬಿಳಿಯನ್ನು ಅಳೆಯಹೊರಟಾಗ ಅದು ಸಾಕ್ಷಿಯನ್ನೇ ತಿರುಚಿದಂತೆ.

ಗಂಟೆಯೂ ಅದೇ ಇರಬೇಕು. ಇದಕ್ಕೆ ನೆರಳೊಂದೇ ಕಾರಣವಲ್ಲ. ಸವಳಿನ ಲವಣಗಳಲ್ಲಿ ಕೆಲವು, ಮುಖ್ಯವಾಗಿ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡುಗಳು, ರಾತ್ರಿಯ ಗಾಳಿಯ ತೇವವನ್ನು ಹೀರಿ ಒದ್ದೆಯಾಗುತ್ತವೆ. ಅಂಥ ನೆಲ ಬೆಳಗ್ಗೆ ಕಪ್ಪಗೆ ಎಣ್ಣೆ ಹಚ್ಚಿದಂತೆ ಇದ್ದು, ಬಿಸಿಲೇರಿದಂತೆ ಬೆಳ್ಳಗಾಗುತ್ತದೆ. ಸೋಡಿಯಂ ಸಲ್ಫೇಟಿನ ಚಾಳಿ ಬೇರೆ: ತಂಪಿನಲ್ಲಿ ಅದು ನೀರನ್ನು ತನ್ನೊಳಗೆ ಸೇರಿಸಿಕೊಂಡು ಸೂಜಿಯಂಥ ಹರಳಾಗುತ್ತದೆ, 32 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಅಥವಾ ಗಾಳಿ ಬಹಳ ಒಣಗಿದ್ದರೆ, ಆ ನೀರನ್ನು ಬಿಟ್ಟು ಹಿಟ್ಟಿನಂತೆ ಪುಡಿಯಾಗುತ್ತದೆ. ಅದು ಹೆಚ್ಚಾಗಿರುವ ನೆಲದ ಮೇಲೆ ಕಾಲಿಟ್ಟರೆ ಹೆಜ್ಜೆ ಮೆತ್ತಗೆ ಕುಸಿಯುತ್ತದೆ. ಒಂದು ವರ್ಷದ ಚಿತ್ರವನ್ನು ಏಳೂವರೆಗೂ ಮುಂದಿನ ವರ್ಷದ್ದನ್ನು ಹನ್ನೊಂದಕ್ಕೂ ತೆಗೆದು, ಸವಳು ಹೆಚ್ಚಿತೆಂದು ತೀರ್ಮಾನಿಸುವವನು ಗಡಿಯಾರದ ವ್ಯತ್ಯಾಸವನ್ನು ಅಳೆದಂತಾಗುತ್ತದೆ. ನೆರಳಿನ ಚಿತ್ರ ಬೆಳಗ್ಗೆ ತೆಗೆಯಿರಿ. ಬಿಳಿಯ ಅಳತೆಗೆ ಹತ್ತು ಗಂಟೆಯ ಮೇಲೆ ಬೇರೊಂದು ಚಿತ್ರ ತೆಗೆಯಿರಿ. ಮಳೆ ಬಿದ್ದ ಅಥವಾ ನೀರು ಹಾಯಿಸಿದ ವಾರದಲ್ಲಿ ಎರಡೂ ಬೇಡ.

ಗೊರಸಿನ ಗುಳಿಯ ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರೆ ಗುಳಿಗಳೆಲ್ಲ ಗುಬ್ಬಿಗಳಂತೆ ಎದ್ದು ಕಾಣುವುದುಂಟು. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಮಿದುಳು ಭಾವಿಸುವುದೇ ಈ ಭ್ರಮೆಗೆ ಕಾರಣ. ಆದುದರಿಂದ ಪ್ರತಿಯೊಂದು ಚಿತ್ರದ ಅಂಚಿನಲ್ಲಿ ಬಿಸಿಲು ಬಂದ ದಿಕ್ಕಿಗೆ ಬಾಣದ ಗುರುತು ಹಾಕಿ, ದಿನಾಂಕ ಮತ್ತು ವೇಳೆಯನ್ನು ಬರೆದಿಡಬೇಕು.

ಬಿಳಿಯದೆಲ್ಲ ಸವಳೆಂದೂ ತಿಳಿಯಬಾರದು. ನಮ್ಮ ಎರೆಯಲ್ಲಿ ಸುಣ್ಣದ ಹರಳುಗಳು ಧಾರಾಳವಾಗಿವೆ. ಚಿತ್ರದಲ್ಲಿ ಅವೂ ಬೆಳ್ಳಗೆ ಕಾಣುತ್ತವೆ. ಒಂದು ಚಿಟಿಕೆಯನ್ನು ಲೋಟದ ನೀರಿಗೆ ಹಾಕಿ ಕದಡಿದರೆ ಲವಣ ಕರಗುತ್ತದೆ, ಸುಣ್ಣದ ಹರಳು ತಳದಲ್ಲಿ ಉಳಿಯುತ್ತದೆ. ಅಲ್ಲದೆ, ನೆಲವು ಎಷ್ಟರಮಟ್ಟಿಗೆ ಕೆಟ್ಟಿದೆಯೆಂಬುದನ್ನು ಚಿತ್ರ ಹೇಳಲಾರದು. ಅದಕ್ಕೆ ಮಣ್ಣಿನ ಪರೀಕ್ಷೆಯೇ ಆಗಬೇಕು. ನೀರಿನಿಂದ ತಣಿಸಿದ ಮಣ್ಣಿನ ರಸವು ವಿದ್ಯುತ್ತನ್ನು ಎಷ್ಟು ಸುಲಭವಾಗಿ ಹರಿಯಗೊಡುತ್ತದೆಂಬುದನ್ನು ಅಳೆದು, ಅದು ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಸವಳು ಎಂದು ತಜ್ಞರು ನಿರ್ಣಯಿಸುತ್ತಾರೆ. ಸೋಡಿಯಂ ಜೇಡಿಯ ಕಣಗಳಿಗೇ ಅಂಟಿಕೊಂಡ ಭೂಮಿಯಲ್ಲಿ ಬಿಳುಪು ಅಷ್ಟಾಗಿ ಕಾಣದೆಯೂ ಇರಬಹುದು. ಅದಕ್ಕೆ ಜಿಪ್ಸಂ ಹಾಕಿ ತೊಳೆಯಬೇಕಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಭೂಮಿಯ ಸುಧಾರಣೆಯ ಕುರಿತೇ ಸಂಶೋಧನೆ ನಡೆದುಬಂದಿದೆ. ಬಸಿಗಾಲುವೆ ತೋಡುವುದು, ರಂಧ್ರವುಳ್ಳ ಕೊಳವೆಗಳನ್ನು ನೆಲದೊಳಗೆ ಹೂತು ಲವಣಜಲವನ್ನು ಹೊರಗೆ ಸಾಗಿಸುವುದು, ಇವು ಮುಖ್ಯವಾದ ಉಪಾಯಗಳು. ಬಸಿಗಾಲುವೆ ತೋಡಿದ ಹೊಲದ ಎರಡು ಮೂರು ವರ್ಷಗಳ ಚಿತ್ರ ನಿಮ್ಮಲ್ಲಿದ್ದರೆ, ಅದನ್ನು ನೋಡಲು ಬರುವ ಮೊದಲಿಗ ಆ ಹೊಲದ ರೈತನೇ.

ಅವನ ಅಪ್ಪಣೆಯಿಲ್ಲದೆ ಮಾತ್ರ ಹೊಲಕ್ಕೆ ಕಾಲಿಡಬೇಡಿ. ಹೊಲದ ಗುರುತು ತಿಳಿಯುವಂತೆ ಚಿತ್ರವನ್ನು ಹತ್ತು ಜನಕ್ಕೆ ಹಂಚಲೂ ಬೇಡಿ. ಸವಳು ಬಿದ್ದಿದೆಯೆಂಬ ಸುದ್ದಿ ಹಬ್ಬಿದರೆ ಭೂಮಿಯ ಬೆಲೆ ಇಳಿಯುತ್ತದೆ.

ಅಳತೆಯ ಕ್ರಮ ಹೀಗೆ. ಒಂದೊಂದು ಮೀಟರ್ ಉದ್ದದ ನಾಲ್ಕು ಕೋಲುಗಳಿಂದ ಚೌಕಟ್ಟು ಕಟ್ಟಿ, ಎರಡೂ ದಿಕ್ಕಿಗೆ ಹತ್ತು ಸೆಂಟಿಮೀಟರಿಗೆ ಒಂದರಂತೆ ದಾರ ಎಳೆಯಿರಿ, ನೂರು ಮನೆಗಳಾಗುತ್ತವೆ. ಅದನ್ನು ನೆಲದ ಮೇಲಿಟ್ಟು ನೇರ ಮೇಲಿನಿಂದ ಚಿತ್ರ ತೆಗೆಯಿರಿ. ಅರ್ಧಕ್ಕಿಂತ ಹೆಚ್ಚು ಬೆಳ್ಳಗಿರುವ ಮನೆಗಳನ್ನು ಮನೆಯಲ್ಲಿ ಕುಳಿತು ಎಣಿಸಿದರೆ, ನೂರರಲ್ಲಿ 37 ಬಂದರೆ ಶೇಕಡ 37 ಎಂದು ಬರೆದುಕೊಳ್ಳಬಹುದು. ಒಂದು ಹೊಲದಲ್ಲಿ ಹತ್ತು ಕಡೆಯಾದರೂ ಹೀಗೆ ಮಾಡಬೇಕು. ಬೆಳ್ಳಗಿರುವ ಜಾಗವನ್ನೇ ಹುಡುಕಿ ಚೌಕಟ್ಟು ಇಡದೆ, ಬದುವಿನಿಂದ ಇಪ್ಪತ್ತು ಹೆಜ್ಜೆಗೆ ಒಂದರಂತೆ ಇಡುತ್ತ ಹೋಗಬೇಕು. ದಾರವು ಕೆಂಪಗಿರಲಿ. ನಾನು ಮೊದಲ ವರ್ಷ ಬಿಳಿಯ ನೂಲನ್ನು ಕಟ್ಟಿಕೊಂಡು ಹೋಗಿದ್ದೆ. ಚಿತ್ರದಲ್ಲಿ ಒಂದು ಮನೆಯ ಗೆರೆಯೂ ಕಾಣಲಿಲ್ಲ.